ಬೆವರದ ಜಾಗ

ಕಳೆದ ಡಿಸೆಂಬರಿನಲ್ಲಿ ಎರಡು ದಿನದ ಕೆಲಸಕ್ಕೆಂದು ಚೆನ್ನೈಗೆ ಹೋಗಿದ್ದೆ. ಲೋಕಲ್ ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ಕೈಚೀಲದಿಂದ ಪುಟ್ಟ ಬಾಟಲಿಯೊಂದನ್ನು ತೆಗೆದು ಮೊಣಕೈಗೆ, ಮುಂಗೈಗೆ ಸವರಿಕೊಳ್ಳತೊಡಗಿದಳು. ಗ್ಲಿಸರಿನ್ನು, ಗುಲಾಬಿ ನೀರು. ಬೆಳಗಿನ ಒಂಬತ್ತು ಗಂಟೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳ ರವಿಕೆಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಎರಡು ದಶಕ ಕಳೆದರೂ ಆ ವಾಸನೆಗೆ ನನಗೆ ಸಿಟ್ಟು ಬರುತ್ತದೆ. ಆ ಹೆಂಗಸಿನ ಮೇಲಲ್ಲ. ಯಾರ ಮೇಲೆ, ಯಾಕೆ ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ಸಿಟ್ಟಿನಲ್ಲಿ ಬರೆಯುವಾಗ ಕ್ರಮ ತಪ್ಪಿದರೆ ಲಾಭ ಆಗುವುದು ತಪ್ಪು ಮಾಡಿದವರಿಗೆ.

ತೊಂಬತ್ತೆಂಟನೆಯ ಇಸವಿಯಲ್ಲಿ ನಾನು ಮದ್ರಾಸಿನ ವಡಪಳನಿಯ ಒಂದು ಮಹಿಳಾ ಮಾಸಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಅದಕ್ಕೆ ಮೊದಲು ಬೆಂಗಳೂರಿನ ದಿನಪತ್ರಿಕೆಯೊಂದರಲ್ಲಿ ನಾಲ್ಕು ವರ್ಷ ಕೋರ್ಟು ವರದಿ ಮಾಡಿದ್ದೆ. ಸಾಕ್ಷಿ ಏನು ಹೇಳಿದ, ಅದರಲ್ಲಿ ಎಷ್ಟು ದಾಖಲಾಯಿತು ಎಂಬ ವ್ಯತ್ಯಾಸವನ್ನು ಕಲಿತವಳು ಎಂಬ ಜಂಬ ನನಗಿತ್ತು. ಮಾಸಪತ್ರಿಕೆ ನಾಲ್ಕು ಭಾಷೆಗಳಲ್ಲಿ ಬರುತ್ತಿತ್ತು. ಒಂದೇ ಕಟ್ಟಡ, ಒಂದೇ ಮಹಡಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಭಾಷೆ. ಲೇಖನಗಳು ಉತ್ತರ ಭಾರತದ ಕಚೇರಿಯಿಂದ ಇಂಗ್ಲಿಷಿನಲ್ಲಿ ಬರುತ್ತಿದ್ದವು. ನಾವು ಅವನ್ನು ನಮ್ಮನಮ್ಮ ಭಾಷೆಗೆ ಇಳಿಸುತ್ತಿದ್ದೆವು. ಕನ್ನಡದ ಪ್ರತಿಗಳು ಹೆಚ್ಚಾಗಿ ಕರ್ನಾಟಕಕ್ಕೆ ಹೋಗುತ್ತಿದ್ದವು. ಒಂದಷ್ಟು ಕಟ್ಟು ಮಾತ್ರ ಇಲ್ಲಿನ ಅಂಗಡಿಗಳಿಗೆ.

ಡಿಸೆಂಬರಿನ ಸಂಚಿಕೆ ಚಳಿಗಾಲದ ವಿಶೇಷಾಂಕ. ಅದು ತಯಾರಾಗುತ್ತಿದ್ದದ್ದು ಅಕ್ಟೋಬರಿನಲ್ಲಿ, ಮದ್ರಾಸಿನ ಮಳೆಯ ನಡುವೆ, ಒದ್ದೆ ಛತ್ರಿಗಳು ಕಾರಿಡಾರಿನಲ್ಲಿ ನೀರು ಇಳಿಸುತ್ತಿರುವಾಗ. ಸ್ವೆಟರಿನ ಉಣ್ಣೆ ಚರ್ಮಕ್ಕೆ ತಾಗದಂತೆ ಒಳಗೆ ಹತ್ತಿಯ ಬಟ್ಟೆ ತೊಡಿ. ಸ್ನಾನಕ್ಕೆ ತೀರಾ ಬಿಸಿನೀರು ಬೇಡ. ಹೀಟರಿನ ಎದುರು ಬಹಳ ಹೊತ್ತು ಕೂರಬೇಡಿ. ತಮಿಳು ವಿಭಾಗದ ಹುಡುಗಿಯೊಬ್ಬಳು ಆ ಸಾಲನ್ನು ಜೋರಾಗಿ ಓದಿ, "ಹೀಟರ್‌ಗೆ ನಾವು ಎಲ್ಲಿ ಹೋಗೋದು ಮೇಡಂ? ಬಸ್ಸಿನ ಇಂಜಿನ್ ಮೇಲೆ ಕೂರಬೇಡಿ ಅಂತ ಬರೀಲಾ?" ಎಂದಳು. ಎಲ್ಲರೂ ನಕ್ಕೆವು. ನಕ್ಕು, ಹಾಗೆಯೇ ಅನುವಾದ ಮಾಡಿದೆವು. ಹಿಂಬದಿಯ ರಕ್ಷಾಪುಟ ಒಂದು ಕೋಲ್ಡ್ ಕ್ರೀಮಿನ ಜಾಹೀರಾತಿಗೆ ಮೀಸಲಾಗಿತ್ತು. ಕ್ರೀಮು ಮಾರಬೇಕಾದರೆ ಚಳಿ ಇರಲೇಬೇಕು.

ಆ ಪತ್ರಿಕೆಯಲ್ಲಿ ಡಾ. ಸುಮನಾ ಎಂಬ ಚರ್ಮತಜ್ಞೆಯ ಪ್ರಶ್ನೋತ್ತರ ಅಂಕಣ ಬರುತ್ತಿತ್ತು. ಕನ್ನಡದಲ್ಲಿ ಅವಳ ಹೆಸರು ಸುಮನಾ. ಉಳಿದ ಮೂರು ಭಾಷೆಗಳಲ್ಲಿ ಮೂರು ಬೇರೆ ಹೆಸರು. ಕನ್ನಡಕ ಹಾಕಿದ ಚಿತ್ರ ಮಾತ್ರ ನಾಲ್ಕಕ್ಕೂ ಒಂದೇ. ಡಾ. ಸುಮನಾ ಎಂಬುವವಳು ಎಲ್ಲಿಯೂ ಇರಲಿಲ್ಲ. ಕನ್ನಡದಲ್ಲಿ ಅವಳು ನಾನು.

ಹೇಗೆ ಒಪ್ಪಿಕೊಂಡೆ ಎಂದು ಈಗ ಕೇಳಿದರೆ ಉತ್ತರ ಸಣ್ಣದು. ಕೊಟ್ಟರು, ಮಾಡಿದೆ. ಮೊಡವೆ, ಕಣ್ಣ ಕೆಳಗಿನ ಕಪ್ಪು, ಒಡೆದ ಹಿಮ್ಮಡಿ. ಹಳೆಯ ಉತ್ತರಗಳ ಒಂದು ಕಡತವಿತ್ತು. ಅದರಿಂದ ಹೆಕ್ಕಿ, ಭಾಷೆ ತಿದ್ದಿ ಹಾಕುವುದು. ಪ್ರಶ್ನೆಗೆ ನಾಲ್ಕು ಸಾಲು, ಉತ್ತರಕ್ಕೆ ಎಂಟು ಸಾಲು. ಅದಕ್ಕಿಂತ ಒಂದು ಸಾಲು ಹೆಚ್ಚಾದರೂ ಪುಟ ಕಟ್ಟುವವನು ವಾಪಸು ಕಳಿಸುತ್ತಿದ್ದ.

ನಾನು ಇದ್ದದ್ದು ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ಗಲ್ಲಿಯಲ್ಲಿ, ಮೊದಲ ಮಹಡಿಯ ಹಿಂದಿನ ಒಂದು ಕೋಣೆ. ಕೆಳಗಿನ ಮನೆಯಲ್ಲಿ ಪದ್ಮಾ ಮಾಮಿ. ಅವರ ಮಾವನ ಕಾಲಕ್ಕೇ ಮದ್ರಾಸಿಗೆ ಬಂದ ಕನ್ನಡದ ಮಾಧ್ವರು. ಗಂಡ ಶ್ರೀನಿವಾಸರಾಯರು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಮಗಳು ವಸುಧಾ ಕಾಲೇಜಿನಲ್ಲಿ. ಅವಳೊಂದಿಗೆ ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ತಮಿಳಿನಲ್ಲಿ ಉತ್ತರಿಸುತ್ತಿದ್ದಳು. ಮಾಮಿ ಎರಡನ್ನೂ ಕಲಸಿ ಮಾತಾಡುತ್ತಿದ್ದರು. ನನ್ನ ಅರಸೀಕೆರೆ ಕನ್ನಡ ಕೇಳಿ, "ನೀನು ಮಾತಾಡಿದ್ರೆ ರೇಡಿಯೋ ಹಾಕಿದ ಹಾಗೆ ಇರತ್ತಡೀ" ಎಂದು ತಮಿಳಿನ ಸಲಿಗೆಯ 'ಡೀ' ಸೇರಿಸಿ ಛೇಡಿಸುತ್ತಿದ್ದರು.

ಮಾಮಿ ಮನೆಯಲ್ಲೇ ಕೂತು ಸಿನಿಮಾ ಉಡುಪುಗಳಿಗೆ ಚಮಕಿ ಹೊಲಿಯುತ್ತಿದ್ದರು. ವಡಪಳನಿಯ ಸ್ಟುಡಿಯೋದ ವಸ್ತ್ರ ವಿಭಾಗದಿಂದ ಬಟ್ಟೆ, ಚಮಕಿ, ಮಣಿ ಬರುತ್ತಿತ್ತು. ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಬಲಗೈಯಲ್ಲಿ ಮೇಲಿನಿಂದ ಸೂಜಿ ಇಳಿಸುವುದು, ಕೆಳಗೆ ಎಡಗೈ ಬೆರಳುಗಳಿಂದ ಅದನ್ನು ಹಿಡಿದು ಹಿಂದಕ್ಕೆ ಕೊಡುವುದು. ಕೆಳಗಿನ ಕೈಗೆ ಕಣ್ಣಿಲ್ಲ. ಬೆರಳ ತುದಿಯಲ್ಲೇ ಸೂಜಿ ಎಲ್ಲಿದೆ, ದಾರ ಎಷ್ಟು ಬಿಗಿಯಾಗಿದೆ ಎಂದು ತಿಳಿಯಬೇಕು. ಎಷ್ಟೋ ನಾಯಕಿಯರು ಮಿನುಗಿದ್ದು ಮಾಮಿಯ ಎಡಗೈಯಿಂದ. ಆ ಕೆಲಸದ ಬಗ್ಗೆ ಮಾಮಿಗೆ ಬಹಳ ಅಭಿಮಾನ. ಗಂಡನ ಕಚೇರಿಯ ಬಗ್ಗೆ ಅದರ ಅರ್ಧವೂ ಇರಲಿಲ್ಲ.

ಅಕ್ಟೋಬರಿನ ಮಧ್ಯದಲ್ಲಿ ಡಾ. ಸುಮನಾ ಹೆಸರಿಗೆ ಒಂದು ಪತ್ರ ಬಂತು. ಇನ್‌ಲ್ಯಾಂಡ್ ಲೆಟರಿನಲ್ಲಿ ಗುಂಡು ಗುಂಡಾದ ಅಕ್ಷರ.

"ಡಾಕ್ಟರಿಗೆ ನಮಸ್ಕಾರ. ನನಗೆ ನಲವತ್ತೆರಡು ವರ್ಷ. ಎಡಗೈಯಲ್ಲಿ ಮೊಣಕೈ ಕೆಳಗೆ ಒಂದು ರೂಪಾಯಿಗಿಂತ ಸ್ವಲ್ಪ ದೊಡ್ಡದಾಗಿ ಚರ್ಮ ಬಿಳಿಚಿಕೊಂಡಿದೆ. ಒಣಗಿ ಸಿಪ್ಪೆ ಏಳುತ್ತದೆ. ಎಣ್ಣೆ ಹಚ್ಚಿದ ದಿನ ಪರವಾಗಿಲ್ಲ, ಮಾರನೆ ದಿನ ಹಾಗೇ. ಮೈಯೆಲ್ಲ ಬೆವರಿದರೂ ಆ ಜಾಗ ಮಾತ್ರ ಬೆವರುವುದಿಲ್ಲ. ಏನು ಹಚ್ಚಬೇಕು ತಿಳಿಸಿ. ಇಂತಿ ಒಬ್ಬ ಓದುಗಿ, ಮದ್ರಾಸ್-೩೩."

ಮದ್ರಾಸ್-೩೩ ನಮ್ಮದೇ ಪಿನ್ ಕೋಡು. ಇಲ್ಲಿಂದ ಕನ್ನಡದಲ್ಲಿ ಪತ್ರ ಬರುವುದು ಅಪರೂಪ. ನೋಡಿ ಸಂತೋಷವಾಯಿತು. ಅಷ್ಟೇ. ಪ್ರಶ್ನೆ ಆರು ಸಾಲು ಇತ್ತು, ನಾಲ್ಕಕ್ಕೆ ಇಳಿಸಬೇಕಾಗಿತ್ತು. ನಮಸ್ಕಾರ ಹೋಯಿತು. ಮತ್ತೂ ಒಂದು ಸಾಲು ಹೆಚ್ಚಿತ್ತು. ಬೆವರಿನ ಸಾಲನ್ನು ಹೊಡೆದುಹಾಕಿದೆ.

ಯಾಕೆ ಅದನ್ನೇ ಹೊಡೆದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಅದು ಚಳಿಗಾಲದ ವಿಶೇಷಾಂಕ. ಡಿಸೆಂಬರಿನಲ್ಲಿ ಹಾಸನದಲ್ಲೋ ಧಾರವಾಡದಲ್ಲೋ ಶಾಲು ಹೊದ್ದು ಪುಟ ತಿರುವುವವಳಿಗೆ "ಮೈಯೆಲ್ಲ ಬೆವರಿದರೂ" ಎಂಬುದು ಅಪಸ್ವರವಾಗಿ ಕೇಳುತ್ತದೆ. ಸಂಚಿಕೆಯ ಹದ ಕೆಡುತ್ತದೆ. ಒಳ್ಳೆಯ ಉಪಸಂಪಾದಕಿ ಅಂಥದ್ದನ್ನು ಉಳಿಸುವುದಿಲ್ಲ. ನಾನು ಒಳ್ಳೆಯ ಉಪಸಂಪಾದಕಿಯಾಗಿದ್ದೆ.

ಆಮೇಲೆ ಉತ್ತರ. ಅರಸೀಕೆರೆಯ ಚಳಿ ನನಗೆ ಗೊತ್ತು. ಡಿಸೆಂಬರಿನಲ್ಲಿ ತುಟಿ ಒಡೆದು ನಕ್ಕರೆ ರಕ್ತ ಬರುತ್ತಿತ್ತು. ಶಾಲೆಯಲ್ಲಿ ನಾವು ಮೊಣಕಾಲ ಕೆಳಗಿನ ಒಣ ಚರ್ಮದ ಮೇಲೆ ಉಗುರಿನಿಂದ ಹೆಸರು ಬರೆಯುತ್ತಿದ್ದೆವು. ಸೀಮೆಸುಣ್ಣದಲ್ಲಿ ಬರೆದಂತೆ ಬಿಳಿಯಾಗಿ ಮೂಡುತ್ತಿತ್ತು. ಅಮ್ಮ ಬೆಣ್ಣೆ ತಂದು ಬಳಿಯುತ್ತಿದ್ದರು. ಆ ಚರ್ಮವನ್ನು ನೆನೆದು ಈ ಚರ್ಮಕ್ಕೆ ಉತ್ತರ ಬರೆದೆ: "ಚಳಿಗಾಲದಲ್ಲಿ ಚರ್ಮ ತೇವಾಂಶ ಕಳೆದುಕೊಂಡು ಅಲ್ಲಲ್ಲಿ ಬಿಳಿಚುವುದು ಸಹಜ. ಆತಂಕ ಬೇಡ. ಸೋಪು ಬಿಟ್ಟು ಕಡಲೆಹಿಟ್ಟು ಬಳಸಿ. ಗ್ಲಿಸರಿನ್ನಿಗೆ ಅಷ್ಟೇ ಗುಲಾಬಿ ನೀರು ಸೇರಿಸಿ ದಿನಕ್ಕೆರಡು ಬಾರಿ ಲೇಪಿಸಿ. ಬೇಸಿಗೆ ಬರುತ್ತಿದ್ದಂತೆ ತಾನಾಗಿಯೇ ಸರಿಹೋಗುತ್ತದೆ."

ಬರೆದದ್ದು ಮಳೆ ಸುರಿಯುತ್ತಿದ್ದ ಒಂದು ಅಕ್ಟೋಬರ್ ಮಧ್ಯಾಹ್ನ. ಪತ್ರ ಬಂದದ್ದೂ ಅಕ್ಟೋಬರಿನಲ್ಲಿ. ಚಳಿ ಎಲ್ಲಿಂದ ಬಂತು ಎಂದು ನಾನು ಕೇಳಿಕೊಳ್ಳಲಿಲ್ಲ. ಫ್ಯಾನಿನ ಕೆಳಗೆ ಕೂತು ಬೆವರು ಒರೆಸಿಕೊಳ್ಳುತ್ತಾ, ಬೆವರದ ಚರ್ಮ ಈ ಊರಿನಲ್ಲಿ ಎಂಥ ವಿಚಿತ್ರ ಎಂದೂ ಕೇಳಿಕೊಳ್ಳಲಿಲ್ಲ. ಕೋರ್ಟಿನಲ್ಲಿ ಒಬ್ಬ ವಕೀಲ ಹೀಗೆ ಮಾಡಿದ್ದರೆ ಮಾರನೆಯ ದಿನ ಅವನ ಹೆಸರು ಹಾಕಿ ಬರೆಯುತ್ತಿದ್ದೆ.

ಡಿಸೆಂಬರು ಬಂತು. ಮದ್ರಾಸಿನ ಮಾರ್ಗಳಿ, ನಮ್ಮ ಧನುರ್ಮಾಸ. ಗಲ್ಲಿಯಲ್ಲಿ ಬೆಳಗಿನ ಜಾವಕ್ಕೇ ಕೋಲಂ ರಂಗೋಲಿ, ಅದರ ನಡುವೆ ಕುಂಬಳದ ಹೂವು, ದೇವಸ್ಥಾನದ ಧ್ವನಿವರ್ಧಕ. ರಾಯರು ಮಂಕಿ ಕ್ಯಾಪು ಹಾಕಿಕೊಂಡು ಹಾಲು ತರಲು ಹೋಗುತ್ತಿದ್ದರು. ಎಂಟು ಗಂಟೆಗೆ ಅದೇ ಟೋಪಿಯಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದರು. ಆ ಊರಿನ ಚಳಿ ಅಷ್ಟೇ, ಬೆಳಗಿನ ಎರಡು ತಾಸಿನ ಶೋಕಿ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮಾಮಿ ಬಾಗಿಲಲ್ಲಿ ಕೂತು ಎಡಗೈಗೆ ಏನೋ ತಿಕ್ಕಿಕೊಳ್ಳುತ್ತಿರುವುದನ್ನು ಕಂಡೆ. ಗುಲಾಬಿ ನೀರಿನ ವಾಸನೆ.

"ಏನ್ ಮಾಮಿ, ಅಲಂಕಾರ ಜೋರು?"

"ಹೋಗಡೀ. ಮಾರ್ಗಳಿ ಅಲ್ವಾ, ಚರ್ಮ ಒಣಗತ್ತೆ. ಡಾಕ್ಟರು ಹೇಳಿದಾರೆ."

ಯಾವ ಡಾಕ್ಟರು ಎಂದು ನಾನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಧನುರ್ಮಾಸದಲ್ಲಿ ಮಾಮಿ ಸೂರ್ಯ ಹುಟ್ಟುವ ಮೊದಲೇ ಹುಗ್ಗಿ ಮಾಡಿ ನೈವೇದ್ಯ ಇಟ್ಟು, ಒಂದು ಪಾತ್ರೆ ನನಗೂ ತಂದುಕೊಡುತ್ತಿದ್ದರು. ಜನವರಿಯ ಮೊದಲ ವಾರದ ಒಂದು ಮುಂಜಾನೆ ಬಾಗಿಲು ತಟ್ಟಿದರು. ಬಲಗೈಯಲ್ಲಿ ತಟ್ಟೆ, ಎಡ ಅಂಗೈ ಮೇಲೆ ಹಿತ್ತಾಳೆಯ ಪಾತ್ರೆ. ನಗುನಗುತ್ತಾ ಚಾಚಿದರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಒಂದು ಕ್ಷಣವೂ ಹಿಡಿಯಲಾಗಲಿಲ್ಲ. ಪಾತ್ರೆ ನೆಲಕ್ಕೆ ಬಿದ್ದು ಹುಗ್ಗಿ ಬಾಗಿಲವರೆಗೆ ಚೆಲ್ಲಿತು. ನನ್ನ ಬೆರಳುಗಳು ಕೆಂಪಗಾಗಿದ್ದವು.

"ಅಯ್ಯೋ ದೇವರ ಪ್ರಸಾದ! ಏನ್ಡೀ, ಅಷ್ಟು ಬಿಸಿನಾ? ನಿಂದು ಪೇಪರ್ ಹಿಡಿಯೋ ಕೈ. ನಂದು ಸೂಜಿ ವೇಲೆ ಮಾಡಿ ಮಾಡಿ ಮರಗಟ್ಟಿ ಹೋಗಿದೆ."

ಆ ಪಾತ್ರೆಯನ್ನು ಅವರು ಒಲೆಯಿಂದ ಇಳಿಸಿ ಹದಿನಾರು ಮೆಟ್ಟಿಲು ಹತ್ತಿಸಿಕೊಂಡು ಬಂದಿದ್ದರು. ನಾನು ಅವರ ಕೈಯನ್ನು ಹಿಡಿದು ತಿರುಗಿಸಿದೆ. ಕಿರುಬೆರಳಿನ ಬದಿಗೆ ಉದ್ದಕ್ಕೂ ಬೊಬ್ಬೆ ಏಳುತ್ತಿತ್ತು. ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಬಾಗಿದ್ದವು.

"ನೋವಾಗ್ತಾ ಇಲ್ವಾ ಮಾಮಿ?"

"ಇಲ್ಲಡೀ. ಸೂಜಿ ಹೊಕ್ಕರೂ ತಿಳಿಯಲ್ಲ ಈಗ. ಬಟ್ಟೆ ಮೇಲೆ ರಕ್ತ ಕಂಡ್ಮೇಲೇ ಓಹೋ ಚುಚ್ಚಿತು ಅಂತ. ಒಂದು ಥರಕ್ಕೆ ಒಳ್ಳೇದೇ ಆಯ್ತು. ಆದ್ರೆ ದಾರ ಜಾರತ್ತೆ. ಮೊನ್ನೆ ಒಂದು ರವಿಕೆ ವಾಪಸ್ ಬಂತು, ಕೆಳಗಿನ ಹೊಲಿಗೆ ಸಡಿಲ ಅಂತ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ."

ಅದನ್ನು ಹೇಳುವಾಗ ಮಾತ್ರ ಅವರ ದನಿ ಇಳಿಯಿತು. ಸೆರಗು ಸರಿಸಿ ಮೊಣಕೈ ಕೆಳಗಿನ ಮಚ್ಚೆ ತೋರಿಸಿದರು. ಈಗ ಅದು ಅಂಗೈಯಷ್ಟು ಅಗಲವಿತ್ತು. "ಇದರಿಂದ ಶುರು. ಪರವಾಯಿಲ್ಲ, ಚಳಿಗಾಲದ್ದು. ಬೇಸಿಗೆ ಬಂದ್ರೆ ಹೋಗತ್ತೆ. ನಿಮ್ಮ ಪುಸ್ತಕದಲ್ಲೇ ಬಂದಿದೆಯಲ್ಲ."

ನನ್ನನ್ನು ಕೆಳಗೆ ಕರೆದೊಯ್ದು ಅಡುಗೆಮನೆಯ ಕಪಾಟಿನ ಬಾಗಿಲು ತೆರೆದರು. ಒಳಬದಿಗೆ ಅನ್ನದ ಅಂಟಿನಿಂದ ಅಂಟಿಸಿದ, ನಮ್ಮ ಪತ್ರಿಕೆಯ ಕತ್ತರಿಕೆ. ನಾಲ್ಕು ಸಾಲು ಪ್ರಶ್ನೆ, ಎಂಟು ಸಾಲು ಉತ್ತರ, ಕನ್ನಡಕದ ಚಿತ್ರ.

"ಇದನ್ನ ಬರೆದಿದ್ದು ನೀವಾ?"

"ಶ್! ವಸುಧಾ ಕೇಳಿದ್ರೆ ನಗ್ತಾಳೆ. ನಿನ್ನ ಹತ್ರ ಹೇಳಿದ್ರೆ ನೀನು ಆಫೀಸಲ್ಲಿ ಹೇಳ್ತೀಯ ಅಂತ ಹೆಸರು ಹಾಕಿಲ್ಲ." ಆಮೇಲೆ ಕತ್ತರಿಕೆಯನ್ನು ಬೆರಳಿನಿಂದ ಸವರುತ್ತಾ, "ನಾನು ಇನ್ನೂ ಸ್ವಲ್ಪ ಬರೆದಿದ್ದೆ. ಅವರು ಬಿಟ್ಟಿದಾರೆ. ಡಾಕ್ಟರ್‌ಗೆ ಗೊತ್ತಿರತ್ತಲ್ಲ, ಯಾವುದು ಮುಖ್ಯ ಯಾವುದು ಅಲ್ಲ ಅಂತ" ಎಂದರು.

ಆ ದಿನ ಕಚೇರಿಯಲ್ಲಿ ಹಳೆಯ ಪತ್ರಗಳ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಹುಡುಕಿದೆ. ಇನ್‌ಲ್ಯಾಂಡ್ ಸಿಕ್ಕಿತು. ಬೆವರಿನ ಸಾಲಿನ ಮೇಲೆ ನನ್ನ ನೀಲಿ ಪೆನ್ಸಿಲ್ಲಿನ ಗೆರೆ, ನೇರವಾಗಿ, ಅಡಿಪಟ್ಟಿ ಇಟ್ಟು ಎಳೆದ ಹಾಗೆ.

ಸೋಮವಾರ ಮಾಮಿಯನ್ನು ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದುಕೊಂಡು ಹೋದೆ. ವೈದ್ಯೆ ನನ್ನ ವಯಸ್ಸಿನವರೇ. ಹತ್ತಿಯ ತುದಿ ಹೊಸೆದು ದಾರದಂತೆ ಮಾಡಿದರು. "ಕಣ್ಣು ಮುಚ್ಚಿಕೊಳ್ಳಿ. ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ." ಭುಜ ಮುಟ್ಟಿದರು, ಮಾಮಿ ತೋರಿಸಿದರು. ಬಲಗೈ, ತೋರಿಸಿದರು. ಎಡಗೈಯ ಮಚ್ಚೆಯನ್ನು ಮುಟ್ಟಿದರು. ಮಾಮಿ ಕಾಯುತ್ತಾ ಕೂತರು. ಮತ್ತೆ ಮುಟ್ಟಿದರು. ಮಾಮಿ, "ಶುರು ಮಾಡಿ ಡಾಕ್ಟರ್" ಎಂದರು.

ಮೊಣಕೈ ಹಿಂದಿನ ನರವನ್ನು ವೈದ್ಯೆ ಬೆರಳಿನಲ್ಲಿ ಒತ್ತಿ ನೋಡಿದರು. ನನ್ನ ಬೆರಳನ್ನೂ ಅಲ್ಲಿಟ್ಟು ತೋರಿಸಿದರು. ಹಗ್ಗದ ಹಾಗೆ ದಪ್ಪಗಿತ್ತು. ಆಮೇಲೆ ರೋಗದ ಹೆಸರು ಹೇಳಿದರು. ತಮಿಳಿನಲ್ಲಿ ಹೇಳಿದ್ದು ಮಾಮಿಗೆ ಅರ್ಥವಾಯಿತು, ಆದರೂ ನನ್ನ ಕಡೆ ತಿರುಗಿದರು, ಕನ್ನಡದಲ್ಲಿ ಅದು ಬೇರೆ ಏನಾದರೂ ಆಗಬಹುದು ಎಂಬಂತೆ. ನಾನು ಹೇಳಿದೆ. ಕುಷ್ಠ.

ವೈದ್ಯೆ ತಡ ಮಾಡದೆ ಮಾತು ಮುಂದುವರಿಸಿದರು. ಇದು ಪೂರ್ತಿ ಗುಣವಾಗುತ್ತದೆ. ಆರು ತಿಂಗಳ ಔಷಧಿ ಇಲ್ಲೇ ಕೊಡುತ್ತೇವೆ. ಮೊದಲ ಡೋಸ್ ಆದ ಮೇಲೆ ಯಾರಿಗೂ ಹರಡುವುದಿಲ್ಲ, ಬೇರೆ ಇರುವುದು ಬೇಡ, ಮಗಳ ಪಕ್ಕದಲ್ಲೇ ಮಲಗಿ. ಮೂತ್ರ ಕೆಂಪಗೆ ಹೋದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ರೋಗ ಹೋಗುತ್ತದೆ.

"ಬೆರಳು?" ಎಂದರು ಮಾಮಿ.

"ನರ ಊದಿದ ಹೊಸದರಲ್ಲಿ ಬಂದಿದ್ದರೆ ಕೈ ವಾಪಸ್ ಬರ್ತಿತ್ತು. ಈಗ ಪ್ರಯತ್ನ ಮಾಡೋಣ. ಭರವಸೆ ಕೊಡಲ್ಲ. ಯಾವಾಗ ಬಾಗೋಕೆ ಶುರು ಆಯ್ತು?"

"ದೀಪಾವಳಿ ಆದ್ಮೇಲೆ."

"ಇಷ್ಟು ದಿನ ಏನು ಮಾಡ್ತಿದ್ರಿ?"

ಮಾಮಿ ಕೈಚೀಲದಿಂದ ಕತ್ತರಿಕೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಕಪಾಟಿನಿಂದ ಬಿಡಿಸಿ ತಂದಿದ್ದರು. ವೈದ್ಯೆಗೆ ಕನ್ನಡ ಬರುತ್ತಿರಲಿಲ್ಲ. ಮಾಮಿಯೇ ತಮಿಳಿನಲ್ಲಿ ಓದಿ ಹೇಳಿದರು. ವೈದ್ಯೆಯ ಮುಖ ಕೆಂಪಾಯಿತು.

"ಯಾರಮ್ಮಾ ಈ ಡಾಕ್ಟರ್? ಎಲ್ಲಿ ಪ್ರಾಕ್ಟೀಸ್? ನೋಡದೆ, ಮುಟ್ಟದೆ ಆತಂಕ ಬೇಡ ಅಂತ ಬರೆಯೋಳು ಡಾಕ್ಟರಾ? ಮಚ್ಚೆ ಬೆವರ್ತಿತ್ತಾ ಅಂತಾದರೂ ಕೇಳಬೇಕಾಗಿತ್ತಲ್ಲ! ಮೊದಲನೇ ವರ್ಷದ ಹುಡುಗರು ಕೇಳ್ತಾರೆ."

"ನಾನೇ ಬರೆದಿದ್ದೆ ಡಾಕ್ಟರ್, ಬೆವರಲ್ಲ ಅಂತ" ಎಂದರು ಮಾಮಿ. "ಅವರು ಹಾಕಲಿಲ್ಲ."

ಆ ಕೋಣೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಇದೂ ದಾಖಲೆಯಲ್ಲಿರಲಿ.

ಹೊರಡುವ ಮೊದಲು ವೈದ್ಯೆ ಕೈಯ ಆರೈಕೆ ಕಲಿಸಿದರು. ದಿನಾ ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಬೇಕು. ಒರೆಸದೆ ಒದ್ದೆಯ ಮೇಲೆಯೇ ಎಣ್ಣೆ ಹಚ್ಚಬೇಕು. ಬೆವರದ ಚರ್ಮ ಒಣಗಿ ಬಿರಿಯುತ್ತದೆ, ಬಿರುಕಿನಿಂದ ಹುಣ್ಣಾಗುತ್ತದೆ, ಹುಣ್ಣು ಆದದ್ದೂ ತಿಳಿಯುವುದಿಲ್ಲ. "ಯಾವ ಎಣ್ಣೆಯಾದರೂ ಸರಿ. ಆದರೆ ಚಳಿಗಾಲಕ್ಕಲ್ಲ. ಇರೋವರೆಗೂ."

ರಾಯರಿಗೆ ಸಂಜೆ ತಿಳಿಯಿತು. ಅವರು ಕೂಗಾಡಲಿಲ್ಲ. ಎದ್ದು ಹೋಗಿ ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ಬೇರೆ ತೆಗೆದು ಕಿಟಕಿಯ ಮೂಲೆಯಲ್ಲಿಟ್ಟರು. "ಕೊಂಚ ದಿನಕ್ಕೆ, ಅಷ್ಟೇ. ಯಾರಿಗೂ ಹೇಳೋದು ಬೇಡ" ಎಂದರು. ವಸುಧಾ, "ಅಪ್ಪಾ, ಡಾಕ್ಟರ್ ವೇಂಡಾಂನು ಸೊನ್ನಾಂಗಲ್ಲ?" ಎಂದು ರೇಗಿದಳು, ಅದೆಲ್ಲ ಬೇಡ ಅಂತ ಡಾಕ್ಟರೇ ಹೇಳಿದ್ದರಲ್ಲ ಎಂದು. ಮಾಮಿ ಊಟದ ಹೊತ್ತಿಗೆ ಆ ತಟ್ಟೆ ಲೋಟವನ್ನು ತಂದು ಗಂಡನ ಎಲೆಯ ಜಾಗದಲ್ಲಿ ಕುಕ್ಕಿದರು.

"ಇದು ನಿಮಗೆ. ನಂದು ಆರು ತಿಂಗಳಲ್ಲಿ ವಾಸಿ ಆಗತ್ತೆ. ನಿಮ್ಮ ಮಂಡೆಗೆ ಯಾವ ಆಸ್ಪತ್ರೇಲೂ ಮಾತ್ರೆ ಇಲ್ಲ."

ರಾಯರು ಅದರಲ್ಲೇ ಉಂಡರು. ಮಾರನೆಯ ದಿನದಿಂದ ಎಲ್ಲರ ತಟ್ಟೆಯೂ ಒಂದೇ ಕಡೆ ಇತ್ತು.

ನಾನು ಮುಖ್ಯ ಸಂಪಾದಕ ನಟರಾಜನ್ ಅವರ ಬಳಿಗೆ ಹೋದೆ. ನಾಲ್ಕೂ ಭಾಷೆಗಳ ಮೇಲೆ ಅವರದೇ ಅಧಿಕಾರ. ನಡೆದದ್ದನ್ನು ಹೇಳಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬೇಕೆಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಪಾಪ. ಆದರೆ ತಿದ್ದುಪಡಿಯಲ್ಲಿ ಏನಂತ ಬರೀತೀರಿ? ಕುಷ್ಠ ಅಂತಲಾ? ಕ್ರೀಮಿನ ಜಾಹೀರಾತಿನ ಪಕ್ಕದಲ್ಲಿ? ನಮ್ಮ ಓದುಗರು ಕೆಲಸ ಮುಗಿಸಿ ಸ್ವಲ್ಪ ಹಗುರಾಗೋಣ ಅಂತ ಪುಸ್ತಕ ಹಿಡೀತಾರಮ್ಮಾ."

"ತಪ್ಪು ಉತ್ತರ ಕೊಟ್ಟಿದ್ದೀವಿ ಸಾರ್."

"ತಪ್ಪಲ್ಲ, ಸಾಮಾನ್ಯ ಸಲಹೆ. ಲಕ್ಷಣ ಪೂರ್ತಿ ಬರೆಯದಿದ್ದರೆ ಡಾಕ್ಟರ್ ಏನು ಮಾಡ್ತಾರೆ?"

"ಅವರು ಪೂರ್ತಿ ಬರೆದಿದ್ದರು. ಡಾಕ್ಟರು ಇಲ್ಲ ಸಾರ್. ನೀವೂ ನಾನೂ ಇದ್ದೇವೆ."

ಅವರು ಕನ್ನಡಕ ಹಾಕಿಕೊಂಡು, "ಬೇಸಿಗೆ ವಿಶೇಷಾಂಕದಲ್ಲಿ ಚರ್ಮದ ಬಗ್ಗೆ ಎರಡು ಪುಟ ಇದೆ. ಅದರಲ್ಲಿ ಎಲ್ಲಾದರೂ, ಮಚ್ಚೆ ಇದ್ದರೆ ವೈದ್ಯರನ್ನು ಕಾಣಿ ಅಂತ ಒಂದು ಸಾಲು ಸೇರಿಸಿ" ಎಂದು ಮುಂದಿದ್ದ ಪ್ರೂಫಿನ ಕಡೆ ತಿರುಗಿದರು. ಅವರು ಕೆಟ್ಟವರೇನಲ್ಲ. ಪ್ರತಿ ದೀಪಾವಳಿಗೆ ನಮಗೆಲ್ಲ ತಾವೇ ಕೂತು ಸಿಹಿ ಹಂಚುತ್ತಿದ್ದರು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಿಲ್ಲ.

ಒಂದು ವಿಷಯ ಅವರಿಗೆ ಹೊಳೆದಿರಲಿಲ್ಲ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪ್ರಶ್ನೋತ್ತರದ ಪುಟ ಎಲ್ಲಕ್ಕಿಂತ ಕೊನೆಗೆ ಮುಗಿಯುತ್ತಿತ್ತು, ಮತ್ತು ಅದು ನನ್ನ ಕೈಯಲ್ಲಿತ್ತು.

ಆದರೆ ಪತ್ರ ಮಾಮಿಯದು. ಅವರನ್ನು ಕೇಳದೆ ಹಾಕುವ ಹಾಗಿಲ್ಲ. ಕೇಳಬೇಕಾದರೆ ಡಾ. ಸುಮನಾ ಯಾರೆಂದು ಹೇಳಬೇಕು. ಅದಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನವೂ ಮಾಮಿ ನನಗೆ ಕಾಫಿ ಕೊಟ್ಟು, ಆಸ್ಪತ್ರೆಗೆ ಕರೆದೊಯ್ದದ್ದಕ್ಕೆ, "ನೀನು ಇಲ್ಲದಿದ್ರೆ ಏನಾಗ್ತಿತ್ತೋ" ಎಂದರು. ನಾನು ಕುಡಿದೆ.

ಹತ್ತನೆಯ ದಿನ ಭಾನುವಾರ. ಮಾಮಿ ಬಾಗಿಲ ಬಳಿ ಬಕೆಟ್ಟಿನಲ್ಲಿ ಕೈ ನೆನೆಸಿಕೊಂಡು ಕೂತಿದ್ದರು. ನಾನು ಇನ್‌ಲ್ಯಾಂಡ್ ತೆಗೆದು ಅವರ ಮಡಿಲಿನಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಡಾಕ್ಟರು ಇಲ್ಲ, ಉತ್ತರ ನನ್ನದು, ಗೆರೆ ನನ್ನದು, ಜಾಗ ಸಾಲದೆ ಹೊಡೆದದ್ದು.

ಮಾಮಿ ಬಲಗೈಯಲ್ಲಿ ಪತ್ರ ಹಿಡಿದು ಆ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಒಂದು ಸಾಲಿಗೆ ಜಾಗ ಇರಲಿಲ್ವಾ?"

"ಇರಲಿಲ್ಲ."

"ಆ ಹೆಂಗಸಿನ ಫೋಟೋಗೆ ಇತ್ತು."

ಮಾಮಿ ಪತ್ರವನ್ನು ಮಡಿಸಿದರು.

"ನಾನು ಡಾಕ್ಟರ್ ಅಂತ ಬರೆದೆ. ದೊಡ್ಡ ಕ್ಲಿನಿಕ್ಕಲ್ಲಿ ಕೂತಿರ್ತಾರೆ, ನನ್ನಂಥೋಳ ಕಾಗದ ಓದ್ತಾರೆ ಅಂತ. ನೀನು ನನ್ನ ತಲೆ ಮೇಲೆ ಕೂತು ಬರೀತಿದ್ದೆ. ದಿನಾ ನನ್ನ ಬಾಗಿಲ ಮುಂದೇನೇ ಹೋಗ್ತಿದ್ದೆ. ಮದ್ರಾಸ್ ಮೂವತ್ಮೂರರಲ್ಲಿ ಕನ್ನಡದೋರು ಎಷ್ಟು ಮನೆ ಇದೆ? ಯಾರಿರಬಹುದು ಅಂತ ಒಂದು ಸಲ ಅನ್ನಿಸ್ಲಿಲ್ವಾ? ಮೆಟ್ಟಿಲು ಇಳಿದಿದ್ರೆ ಸಾಕಿತ್ತಲ್ಲಡೀ."

ಅವರು ಅಳಲಿಲ್ಲ. ಬಕೆಟ್ಟಿನಿಂದ ಕೈ ತೆಗೆದು, ಒರೆಸದೆ ಎಣ್ಣೆ ಹಚ್ಚತೊಡಗಿದರು. ನಾನು ಬಾಟಲಿ ಹಿಡಿದುಕೊಳ್ಳಲು ಹೋದೆ. "ಬಿಡು" ಎಂದರು.

ಪತ್ರ ಹಾಕಲು ಒಪ್ಪಿಗೆ ಕೇಳಿದೆ. ಹಾಕು ಎಂದರು. ಒಂದೇ ಷರತ್ತು. "ಆ ಕನ್ನಡಕದವಳ ಹೆಸರಲ್ಲಿ ಕ್ಷಮೆ ಕೇಳಬೇಡ. ಅವಳು ನನಗೇನೂ ಮಾಡಿಲ್ಲ. ನಿನ್ನ ಹೆಸರು ಹಾಕು."

ಮಾರ್ಚ್ ಸಂಚಿಕೆಯ ಪ್ರಶ್ನೋತ್ತರದ ಪುಟದಲ್ಲಿ ಒಂದೇ ಪ್ರಶ್ನೆ ಇತ್ತು. ಮಾಮಿಯ ಪತ್ರ, ನಮಸ್ಕಾರದಿಂದ ಹಿಡಿದು ಪೂರ್ತಿ. ಕೆಳಗೆ ನಾನು ಬರೆದದ್ದು ಹೀಗಿತ್ತು: ಡಿಸೆಂಬರಿನಲ್ಲಿ ಈ ಪತ್ರದ ಒಂದು ವಾಕ್ಯವನ್ನು ನಾನು ಕತ್ತರಿಸಿದೆ. ನಾನು ವೈದ್ಯೆಯಲ್ಲ. ಈ ಅಂಕಣಕ್ಕೆ ವೈದ್ಯೆ ಇಲ್ಲ. ಬಿಳಿಚಿದ, ಬೆವರದ, ಮುಟ್ಟಿದರೆ ತಿಳಿಯದ ಮಚ್ಚೆ ಚಳಿಗಾಲದ್ದಲ್ಲ. ಯಾವ ಕ್ರೀಮನ್ನೂ ಹಚ್ಚುತ್ತಾ ಕಾಯಬೇಡಿ. ಈ ರೋಗ ಗುಣವಾಗುತ್ತದೆ, ಕಾದರೆ ಕೈ ಹೋಗುತ್ತದೆ. ಕೊನೆಯಲ್ಲಿ ನನ್ನ ಹೆಸರು. ಚಿತ್ರದ ಜಾಗದಲ್ಲಿ ರೋಗದ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ.

ನಟರಾಜನ್ ಅವರಿಗೆ ಅದು ತಿಳಿದದ್ದು ಕರ್ನಾಟಕದಿಂದ ಪತ್ರಗಳು ಬರತೊಡಗಿದಾಗ. ನನಗೂ ಒಂದಿದೆ, ತಂಗಿಗೆ ಇದೆ, ಸೊಸೆಗೆ ಇದೆ, ಯಾರಿಗೂ ಹೇಳಿಲ್ಲ, ಎಲ್ಲಿ ತೋರಿಸಬೇಕು. ಕೆಲಸ ಬಿಡಿ ಎಂದರು. ಆ ಪತ್ರಗಳಿಗೆಲ್ಲ ಉತ್ತರ ಬರೆಯುವವರೆಗೆ ನನ್ನನ್ನು ಇರಿಸಿಕೊಳ್ಳಿ ಎಂದು ಕೇಳಿದೆ. ಒಂದು ವಾರ ಕೊಟ್ಟರು. ವೈದ್ಯೆಯ ಸಲಹೆ ಕೇಳಿ, ಪ್ರತಿಯೊಂದಕ್ಕೂ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದು ಕೈಯಲ್ಲೇ ಬರೆದು ಕಳಿಸಿದೆ. ಎಷ್ಟು ಜನ ಹೋದರೋ ಗೊತ್ತಿಲ್ಲ. ಡಾ. ಸುಮನಾ ಮಾತ್ರ ಉಳಿದುಕೊಂಡಳು. ಮೇ ಸಂಚಿಕೆಯಲ್ಲಿ ಅವಳು ಬಿಸಿಲಿಗೆ ಕಪ್ಪಾಗುವ ಮೂಗಿನ ಬಗ್ಗೆ ಬರೆದಳು. ಕನ್ನಡದಲ್ಲಿ ಆಗ ಅವಳು ಯಾರಾಗಿದ್ದಳೋ ನನಗೆ ತಿಳಿಯದು.

ಮಾಮಿಯ ಮಚ್ಚೆ ಮೇ ಹೊತ್ತಿಗೆ ಮಾಸತೊಡಗಿತ್ತು. ಉಂಗುರದ ಬೆರಳು ಅರ್ಧ ನೆಟ್ಟಗಾಯಿತು. ಕಿರುಬೆರಳು ಆಗಲಿಲ್ಲ. ಸ್ಪರ್ಶ ಎರಡಕ್ಕೂ ಬರಲಿಲ್ಲ. ಚೌಕಟ್ಟಿನ ಕೆಲಸವನ್ನು ಅವರು ವಸ್ತ್ರ ವಿಭಾಗಕ್ಕೆ ವಾಪಸು ಕಳಿಸಿ, ಮೇಲಿನಿಂದಲೇ ಹೊಲಿಯಬಹುದಾದ ಗುಂಡಿ, ಕೊಕ್ಕೆಗಳ ಕೆಲಸ ತೆಗೆದುಕೊಂಡರು. ನಾಯಕಿಯರದಲ್ಲ, ಹಿಂದೆ ಕುಣಿಯುವವರ ಉಡುಪುಗಳದು. ಅದರ ಬಗ್ಗೆ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದರು, ನೀರು ಬಂತು, ಹಾಲಿನವನು ಬಂದ ಎಂದು. ಡೀ ಎಂದು ಕರೆಯುವುದನ್ನು ಬಿಟ್ಟಿದ್ದರು.

ಬೆಂಗಳೂರಿನಲ್ಲಿ ಮತ್ತೆ ವರದಿಗಾರ್ತಿಯ ಕೆಲಸ ಸಿಕ್ಕಿ ನಾನು ಕೋಣೆ ಖಾಲಿ ಮಾಡಿದ ದಿನ ಹೇಳಿಹೋಗಲು ಕೆಳಗಿಳಿದೆ. ಆಟೋದಲ್ಲಿ ಸಾಮಾನು ಇತ್ತು. ಮಾಮಿ ಹೊಸಿಲಲ್ಲಿ ನಿಂತರು. ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ.

"ಎಲ್ಲ ಬರೀತೀಯಲ್ಲ ನೀನು. ಇದನ್ನೂ ಒಂದು ದಿನ ಬರೀತೀಯ" ಎಂದರು.

"ಬರೀಬಹುದು ಮಾಮಿ."

"ಬರೆದರೆ ಕೊನೇಲಿ ಮಾಮಿ ಕ್ಷಮಿಸಿದ್ರು ಅಂತ ಹಾಕಬೇಡ. ಕ್ಷಮಿಸಿಲ್ಲ."

ಸರಿ ಎಂದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಹಾಕಿದ್ದೇನೆ.